ಠಾಣೆಯಿಂದ ಹೋಗಲೇಬೇಕಾದ ಒಂದು ಫೋನ್: ಆಸ್ಟ್ರೇಲಿಯಾದ ಮೂಲನಿವಾಸಿಗಳು ಮತ್ತು ಪೊಲೀಸ್ ಕಸ್ಟಡಿ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಪೊಲೀಸರು ಯಾರನ್ನಾದರೂ ಬಂಧಿಸಿ ಠಾಣೆಗೆ ತಂದರೆ, ಹೆಸರು ವಿಳಾಸದ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ. ನೀವು ಅಬೊರಿಜಿನಲ್ ಅಥವಾ ಟೊರೆಸ್ ಸ್ಟ್ರೇಟ್ ದ್ವೀಪದವರಾ, ಅಂದರೆ ಇಲ್ಲಿನ ಮೂಲನಿವಾಸಿಗಳಾ? ಹೌದು ಅಂದರೆ ಅಲ್ಲಿನ ಅಧಿಕಾರಿ ಒಂದು ಫೋನ್ ಮಾಡಲೇಬೇಕು. ಮನಸ್ಸಿದ್ದರೆ ಮಾಡುವುದು, ಇಲ್ಲದಿದ್ದರೆ ಬಿಡುವುದು ಅನ್ನುವ ಮಾತಿಲ್ಲ. ನಿಯಮ ಇದೆ.

ಆ ಕಡೆ ಫೋನ್ ಎತ್ತುವವರು ಮೂಲನಿವಾಸಿಗಳ ಕಾನೂನು ನೆರವು ಸಂಸ್ಥೆಯಾದ ಅಬೊರಿಜಿನಲ್ ಲೀಗಲ್ ಸರ್ವಿಸ್‌ನ ವಕೀಲರು. ಭಾನುವಾರವಿರಲಿ, ರಾತ್ರಿ ಮೂರು ಗಂಟೆಯಾಗಿರಲಿ, ಕ್ರಿಸ್‌ಮಸ್ ಇರಲಿ, ಲೈನ್ ತೆರೆದೇ ಇರುತ್ತದೆ. ಯಾರನ್ನು ಹಿಡಿದಿದ್ದೀರಿ, ಯಾಕೆ, ಯಾವ ಠಾಣೆ ಅಂತ ಕೇಳಿಕೊಂಡು, ಫೋನನ್ನು ಒಳಗಿರುವವರ ಕೈಗೆ ಕೊಡಿ ಅನ್ನುತ್ತಾರೆ. ಮೊದಲು ಬರುವುದು ಕಾನೂನಿನ ಮಾತಲ್ಲ. ಹೇಗಿದ್ದೀರಿ? ಎಲ್ಲಾದರೂ ಪೆಟ್ಟಾಗಿದೆಯಾ? ಸಕ್ಕರೆ ಕಾಯಿಲೆ, ಫಿಟ್ಸ್, ಎದೆನೋವು ಏನಾದರೂ ಇದೆಯಾ? ಮಾತ್ರೆ ತಗೊಂಡು ಎಷ್ಟು ಹೊತ್ತಾಯಿತು? ಜೀವಕ್ಕೆ ಏನಾದರೂ ಮಾಡಿಕೊಳ್ಳೋಣ ಅನಿಸುತ್ತಿದೆಯಾ? ಮನೆಯಲ್ಲಿ ಯಾರಿಗಾದರೂ ತಿಳಿಸಬೇಕಾ? ಇದೆಲ್ಲ ಆದ ಮೇಲೆ, ಪೊಲೀಸರ ಪ್ರಶ್ನೆಗೆ ಉತ್ತರ ಕೊಡಲೇಬೇಕೆಂದಿಲ್ಲ, ಸುಮ್ಮನಿರುವ ಹಕ್ಕು ನಿಮಗಿದೆ ಅಂತ ಬಿಡಿಸಿ ಹೇಳುತ್ತಾರೆ. ಆಮೇಲೆ ಮತ್ತೆ ಪೊಲೀಸರ ಜೊತೆ ಮಾತು. ಇವರಿಗೆ ಡಾಕ್ಟರ್ ಬೇಕು, ಇವರನ್ನು ಒಬ್ಬರನ್ನೇ ಬಿಡಬೇಡಿ, ಇವರು ಹೇಳಿಕೆ ಕೊಡುವುದಿಲ್ಲ.

ಇದರ ಹೆಸರು ಕಸ್ಟಡಿ ನೋಟಿಫಿಕೇಷನ್ ಸರ್ವಿಸ್. ಹೆಸರು ದೊಡ್ಡದು, ಕೆಲಸ ಒಂದು ಫೋನ್ ಕರೆಯದ್ದು. ಆದರೆ ಆ ಕರೆ ಹೋದ ಕ್ಷಣದಿಂದ, ಒಳಗೆ ಒಬ್ಬರಿದ್ದಾರೆ ಅನ್ನುವುದು ಪೊಲೀಸರಲ್ಲದ ಒಬ್ಬರಿಗೆ ಗೊತ್ತಿರುತ್ತದೆ. ಹಾಗೆ ಗೊತ್ತಿದೆ ಅನ್ನುವುದು ಪೊಲೀಸರಿಗೂ ಗೊತ್ತಿರುತ್ತದೆ. ಈ ವ್ಯವಸ್ಥೆಯ ಜೀವಾಳ ಇರುವುದು ಅಲ್ಲಿ, ಕಾನೂನು ಸಲಹೆ ಆಮೇಲಿನದು ಅನ್ನುವುದು ನನ್ನ ಅನಿಸಿಕೆ.

ನಮ್ಮಲ್ಲೂ ಇಂಥದ್ದು ಇದೆಯಲ್ಲ, ಅಲ್ವಾ? ಇದೆ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತ್ತು: ಬಂಧಿಸಿದರೆ ಸಂಬಂಧಿಕರಿಗೋ ಗೆಳೆಯರಿಗೋ ತಿಳಿಸಬೇಕು, ಅವರು ಬೇರೆ ಜಿಲ್ಲೆಯವರಾದರೆ ಅಲ್ಲಿನ ಕಾನೂನು ನೆರವು ಸಂಸ್ಥೆ ಮತ್ತು ಠಾಣೆಯ ಮೂಲಕ 8ರಿಂದ 12 ಗಂಟೆಯೊಳಗೆ ಸುದ್ದಿ ಮುಟ್ಟಿಸಬೇಕು. ವ್ಯತ್ಯಾಸ ಏನೆಂದರೆ, ನಮ್ಮ ನಿಯಮದಲ್ಲಿ ಸುದ್ದಿ ಹೋಗುವುದು ಮನೆಯವರಿಗೆ. ಅವರು ಗಾಬರಿಯಾಗಿ ವಕೀಲರನ್ನು ಹುಡುಕಿಕೊಂಡು ಓಡಬೇಕು. ಆಸ್ಟ್ರೇಲಿಯಾದ ಈ ವ್ಯವಸ್ಥೆಯಲ್ಲಿ ಸುದ್ದಿ ನೇರ ವಕೀಲರಿಗೇ ಹೋಗುತ್ತದೆ. ಅದೂ ಇದೇ ಕೆಲಸಕ್ಕೆಂದು ಎಚ್ಚರವಾಗಿ ಕೂತ ವಕೀಲರಿಗೆ.

ಯಾಕೆ ಮೂಲನಿವಾಸಿಗಳಿಗೆ ಮಾತ್ರ ಇದು? ಅಲ್ಲಿಯವರೇ ಕೆಲವರು ಈ ಪ್ರಶ್ನೆ ಕೇಳುತ್ತಾರೆ. ಉತ್ತರಕ್ಕೆ 1980ರ ದಶಕಕ್ಕೆ ಹೋಗಬೇಕು.

1981ರ ಜೂನ್ 12ರಂದು ನ್ಯೂ ಸೌತ್ ವೇಲ್ಸ್‌ನ ವೀ ವಾ ಅನ್ನುವ ಸಣ್ಣ ಊರಿನಲ್ಲಿ ಎಡ್ಡಿ ಮರ್ರೆ ಎಂಬ 21 ವರ್ಷದ ಯುವಕನನ್ನು ಕುಡಿದಿದ್ದಾನೆಂದು ಪೊಲೀಸರು ಕರೆದೊಯ್ದರು. ಅದೇ ಮಧ್ಯಾಹ್ನ ಅವನು ಸೆಲ್‌ನಲ್ಲಿ ಶವವಾಗಿದ್ದ. 1983ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ರೋಬರ್ನ್‌ನಲ್ಲಿ ಜಾನ್ ಪ್ಯಾಟ್ ಎಂಬ 16 ವರ್ಷದ ಹುಡುಗ ಲಾಕಪ್‌ನಲ್ಲಿ ಸತ್ತ. ಈ ಕುಟುಂಬಗಳು ಸುಮ್ಮನೆ ಕೂರಲಿಲ್ಲ. ವರ್ಷಗಟ್ಟಲೆ ಬೀದಿಗಿಳಿದವು. ಸಾವುಗಳು ಒಂದರ ಮೇಲೊಂದು ಬಂದವು. 1987ರಲ್ಲಿ ಸರ್ಕಾರ ರಾಯಲ್ ಕಮಿಷನ್, ಅಂದರೆ ಉನ್ನತ ವಿಚಾರಣಾ ಆಯೋಗ, ನೇಮಿಸಿತು. ಅದು 1980ರ ಜನವರಿಯಿಂದ 1989ರ ಮೇ ವರೆಗಿನ 99 ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, 1991ರಲ್ಲಿ ವರದಿ ಕೊಟ್ಟಿತು. ಶಿಫಾರಸುಗಳು ಒಟ್ಟು 339.

ಆ 99 ಜನರಲ್ಲಿ 63 ಮಂದಿ ಸತ್ತದ್ದು ಜೈಲಿನಲ್ಲಲ್ಲ, ಪೊಲೀಸ್ ಕಸ್ಟಡಿಯಲ್ಲಿ. 43 ಮಂದಿ ಚಿಕ್ಕಂದಿನಲ್ಲೇ ಸರ್ಕಾರದ ಕೈಯಿಂದ ತಮ್ಮ ಕುಟುಂಬದಿಂದ ಬೇರ್ಪಟ್ಟವರು. ಕಮಿಷನ್‌ನ ಮುಖ್ಯ ತೀರ್ಮಾನವನ್ನು ಆಗಲೂ ಈಗಲೂ ಜನ ತಪ್ಪಾಗಿ ಓದುತ್ತಾರೆ. ಕಸ್ಟಡಿಗೆ ಬಂದ ಮೇಲೆ ಮೂಲನಿವಾಸಿಗಳು ಬೇರೆಯವರಿಗಿಂತ ಹೆಚ್ಚಿನ ದರದಲ್ಲಿ ಸಾಯುತ್ತಿಲ್ಲ ಅಂತ ಅದು ಹೇಳಿತು. ನೋಡಿ, ಜನಾಂಗೀಯ ತಾರತಮ್ಯ ಇಲ್ಲವೇ ಇಲ್ಲ ಅಂತ ಇದನ್ನೇ ಹಿಡಿದುಕೊಂಡವರಿದ್ದಾರೆ. ಅದರ ಮುಂದಿನ ವಾಕ್ಯ ಓದಬೇಕು. ಅವರು ಇಷ್ಟೊಂದು ಸಂಖ್ಯೆಯಲ್ಲಿ ಸಾಯುತ್ತಿರುವುದು, ಇಷ್ಟೊಂದು ಸಂಖ್ಯೆಯಲ್ಲಿ ಅವರನ್ನು ಹಿಡಿದು ತರುತ್ತಿರುವುದರಿಂದ. ಜೊತೆಗೆ, ಹಿಡಿದು ತಂದ ಮೇಲೆ ನೋಡಿಕೊಳ್ಳುವ ಹೊಣೆಯಲ್ಲಿ ಪೊಲೀಸರೂ ಜೈಲಿನವರೂ ಎಡವಿದ್ದಾರೆ ಅಂತಲೂ ವರದಿ ತುಂಬ ಇದೆ.

ಆದ್ದರಿಂದಲೇ ಶಿಫಾರಸುಗಳು ಎರಡು ಬಗೆಯವು. ಒಂದು, ಹಿಡಿಯುವುದನ್ನೇ ಕಡಿಮೆ ಮಾಡಿ: ಬಂಧನ ಕೊನೆಯ ದಾರಿಯಾಗಲಿ, ಬೀದಿಯಲ್ಲಿ ಕುಡಿದಿರುವುದು ಅಪರಾಧವಾಗದಿರಲಿ. ಇನ್ನೊಂದು, ಹಿಡಿದರೆ ಜೋಪಾನ ಮಾಡಿ. 224ನೇ ಶಿಫಾರಸು ಈ ಎರಡನೆಯ ಬಗೆಯದು. ಮೂಲನಿವಾಸಿ ಒಬ್ಬರನ್ನು ಬಂಧಿಸಿದರೆ ಅಬೊರಿಜಿನಲ್ ಲೀಗಲ್ ಸರ್ವಿಸ್‌ಗೆ ತಿಳಿಸುವುದು ಕಡ್ಡಾಯ ಆಗಬೇಕು ಅಂತ ಅದು ಹೇಳುತ್ತದೆ. ಫೋನ್ ಹುಟ್ಟಿದ್ದು ಇಲ್ಲಿಂದ.

ಲೀಗಲ್ ಸರ್ವಿಸ್ ಮಾತ್ರ ಅದಕ್ಕಿಂತ ಹಳೆಯದು. ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಪೊಲೀಸರು ರಾತ್ರಿ ಹೊತ್ತು ಮೂಲನಿವಾಸಿಗಳನ್ನು ಬೀದಿಯಿಂದ ಎತ್ತಿಕೊಂಡು ಹೋಗುವುದು ಮಾಮೂಲಿಯಾಗಿತ್ತು. ಅದನ್ನು ಎದುರಿಸಲು 1970ರಲ್ಲಿ ಅಲ್ಲಿನ ಯುವಕರೇ ಈ ಸಂಸ್ಥೆ ಕಟ್ಟಿದರು. ಅವರಿಗೆ ಬೆನ್ನಿಗೆ ನಿಂತ ಕಾನೂನು ಪ್ರಾಧ್ಯಾಪಕ ಹಾಲ್ ವೂಟನ್ ಮುಂದೆ ಅದೇ ರಾಯಲ್ ಕಮಿಷನ್‌ನ ಕಮಿಷನರ್‌ಗಳಲ್ಲಿ ಒಬ್ಬರಾದರು.

ವಕೀಲರ ಮಾತು ಅಷ್ಟು ಬೇಗ, ವಿಚಾರಣೆಗೂ ಮೊದಲೇ ಯಾಕೆ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಉತ್ತರ ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ 1976ರಲ್ಲಿ ಅನುಂಗ ಎಂಬ ಪ್ರಕರಣ ಕೋರ್ಟಿಗೆ ಬಂತು. ಮೂಲನಿವಾಸಿ ಆರೋಪಿಗಳು ಪೊಲೀಸರ ಮುಂದೆ ಕೊಟ್ಟ ಹೇಳಿಕೆಗಳನ್ನು ನ್ಯಾಯಾಧೀಶ ಫಾರ್ಸ್ಟರ್ ಒಪ್ಪಲಿಲ್ಲ. ಅನೇಕ ಮೂಲನಿವಾಸಿಗಳು ಬಿಳಿಯ ಅಧಿಕಾರಿ ಏನು ಕೇಳಿದರೂ, ಗೌರವಕ್ಕೋ ಮಾತು ಬೇಗ ಮುಗಿಯಲಿ ಅಂತಲೋ, ಹೌದು ಅಂದುಬಿಡುತ್ತಾರೆ ಎಂದು ಅವರು ಗುರುತಿಸಿದರು. ಅದಕ್ಕೇ ಕೆಲವು ಸೂತ್ರ ಹಾಕಿಕೊಟ್ಟರು. ಇಂಗ್ಲಿಷ್ ಚೆನ್ನಾಗಿ ಬಾರದವರಿಗೆ ದುಭಾಷಿ ಬೇಕು. ಪಕ್ಕದಲ್ಲಿ ಅವರು ನಂಬುವ ಒಬ್ಬರು ಕೂತಿರಬೇಕು. ಸುಮ್ಮನಿರುವ ಹಕ್ಕನ್ನು ಹೇಳಿದರೆ ಸಾಲದು, ಅರ್ಥವಾಯಿತಾ ಅಂತ ಅವರ ಬಾಯಿಂದಲೇ ಹೇಳಿಸಬೇಕು. ಕುಡಿದಿದ್ದಾಗ, ಕಾಯಿಲೆಯಾದಾಗ, ಸುಸ್ತಾದಾಗ ಪ್ರಶ್ನೆ ಕೇಳಬಾರದು. ನೀರು, ಟೀ, ಊಟ ಕೊಡಬೇಕು. ಐವತ್ತು ವರ್ಷದ ಹಿಂದಿನ ತೀರ್ಪಿನಲ್ಲಿ ಟೀ ವಿಷಯವೂ ಇದೆ ಅನ್ನುವುದು ನನಗೆ ಇಷ್ಟ.

ಇದನ್ನೆಲ್ಲ ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ಜೀನ್ ಗಿಬ್ಸನ್ ಪ್ರಕರಣ ನೋಡಬಹುದು. ಪಶ್ಚಿಮ ಆಸ್ಟ್ರೇಲಿಯಾದ ಮರಳುಗಾಡಿನ ನಡುವಿನ ಕಿವಿರ್ಕುರ ಊರಿನವರು. ಮನೆಮಾತು ಪಿಂಟುಪಿ. ಬ್ರೂಮ್ ಪಟ್ಟಣದ ಒಂದು ಸಾವಿನ ಕೇಸಿನಲ್ಲಿ 2012ರಲ್ಲಿ ಪೊಲೀಸರು ಅವರನ್ನು ದುಭಾಷಿ ಇಲ್ಲದೆ ವಿಚಾರಣೆ ಮಾಡಿದರು. ಆ ಹೇಳಿಕೆಯನ್ನು ಕೋರ್ಟ್ ತಳ್ಳಿಹಾಕಿತು. ಆದರೂ ಅವರು ತಪ್ಪೊಪ್ಪಿಕೊಂಡು ಶಿಕ್ಷೆಗೆ ಒಳಗಾದರು. 2017ರಲ್ಲಿ ಮೇಲ್ಮನವಿ ಕೋರ್ಟ್ ಶಿಕ್ಷೆಯನ್ನೇ ರದ್ದು ಮಾಡಿತು. ಏನು ನಡೆಯುತ್ತಿದೆ ಅನ್ನುವುದು ಅವರಿಗೆ ಸರಿಯಾಗಿ ಅರ್ಥವೇ ಆಗಿರಲಿಲ್ಲ. ಅಷ್ಟರಲ್ಲಿ ಐದು ವರ್ಷದ ಹತ್ತಿರ ಜೈಲಿನಲ್ಲಿ ಕಳೆದಾಗಿತ್ತು.

ಈಗ ಫೋನಿಗೆ ಬರೋಣ. ನ್ಯೂ ಸೌತ್ ವೇಲ್ಸ್ 1990ರ ದಶಕದ ಕೊನೆಯಲ್ಲಿ ಈ ನಿಯಮ ತಂದ ಮೊದಲ ರಾಜ್ಯ. ಆಮೇಲೆ ಹೆಚ್ಚುಕಡಿಮೆ ಹದಿನೈದು ವರ್ಷ ಅಲ್ಲಿನ ಪೊಲೀಸ್ ಸೆಲ್‌ಗಳಲ್ಲಿ ಮೂಲನಿವಾಸಿಗಳು ಸತ್ತ ಸುದ್ದಿ ಬರಲಿಲ್ಲ. ಅದೆಲ್ಲ ಫೋನಿನಿಂದಲೇ ಆಯಿತು ಅಂತ ಯಾರೂ ಸಾಬೀತು ಮಾಡಲಾರರು. ಸೆಲ್‌ಗಳ ವಿನ್ಯಾಸ ಬದಲಾಗಿತ್ತು, ನೇಣಿಗೆ ಆಸರೆಯಾಗುವ ಕೊಕ್ಕೆ ಕಂಬಿಗಳನ್ನು ತೆಗೆದಿದ್ದರು, ಪೊಲೀಸರಿಗೆ ತರಬೇತಿಯೂ ಸಿಕ್ಕಿತ್ತು. ಆದರೂ ಫೋನಿನ ಪಾಲು ದೊಡ್ಡದು ಅಂತ ಲೀಗಲ್ ಸರ್ವಿಸ್ ಹೇಳುತ್ತಲೇ ಬಂತು.

ಆಮೇಲೆ 2016ರ ಜುಲೈ 19 ಬಂತು. ಸೆಸ್‌ನಾಕ್ ಪಟ್ಟಣದಲ್ಲಿ ನಡುರಾತ್ರಿ ತೂರಾಡುತ್ತ ನಡೆಯುತ್ತಿದ್ದ ರೆಬೆಕ್ಕಾ ಮಾಹರ್ ಎಂಬ 36 ವರ್ಷದ, ವಿರಾಜುರಿ ಅನ್ನುವ ಮೂಲನಿವಾಸಿ ಸಮುದಾಯದ ಮಹಿಳೆಯನ್ನು ಪೊಲೀಸರು ಮೇಟ್‌ಲ್ಯಾಂಡ್ ಠಾಣೆಗೆ ಕರೆದೊಯ್ದರು. ಬೆಳಗಾಗುವ ಹೊತ್ತಿಗೆ ಅವರು ಸೆಲ್‌ನಲ್ಲಿ ಸತ್ತಿದ್ದರು. ಲೀಗಲ್ ಸರ್ವಿಸ್‌ಗೆ ಫೋನ್ ಹೋಗಿರಲಿಲ್ಲ. ನಿಯಮ ಮುರಿದರಾ? ಇಲ್ಲ. ಇದನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು.

ನಿಯಮ ಹೇಳಿದ್ದು ಬಂಧಿತರ ಬಗ್ಗೆ. ಮಾಹರ್ ಬಂಧಿತರಲ್ಲ. ಅವರ ಮೇಲೆ ಯಾವ ಆರೋಪವೂ ಇರಲಿಲ್ಲ. ಅಮಲಿನಲ್ಲಿದ್ದಾರೆ, ಅವರ ಸುರಕ್ಷತೆಗೇ ಒಳಗಿಡುತ್ತಿದ್ದೇವೆ ಅನ್ನುವ ಬೇರೆ ಅಧಿಕಾರ ಪೊಲೀಸರಿಗೆ ಇದೆ. ಅದರಡಿ ಅವರನ್ನು ಒಳಗಿಟ್ಟಿದ್ದರು. ಅಂದರೆ ಅಂಗಡಿಯಲ್ಲಿ ಕದ್ದ ಅನುಮಾನದ ಮೇಲೆ ಬಂದಿದ್ದರೆ ಅವರಿಗೆ ವಕೀಲರು ಸಿಗುತ್ತಿದ್ದರು. ತಪ್ಪೇ ಮಾಡದ್ದರಿಂದ ಸಿಗಲಿಲ್ಲ. ಅಮಲಿನಲ್ಲಿರುವವರು ಸೆಲ್‌ನಲ್ಲಿ ಹೆಚ್ಚು ಅಪಾಯದಲ್ಲಿರುವವರು, ಅವರಿಗೇ ಈ ಕಾವಲು ಇರಲಿಲ್ಲ.

ಇನ್ನೂ ಕಹಿಯಾದ ವಿಷಯ ಇದೆ. 1981ರಲ್ಲಿ ವೀ ವಾದಲ್ಲಿ ಸತ್ತ ಎಡ್ಡಿ ಮರ್ರೆಯನ್ನೂ ಯಾವ ಅಪರಾಧಕ್ಕೂ ಹಿಡಿದಿರಲಿಲ್ಲ. ನ್ಯೂ ಸೌತ್ ವೇಲ್ಸ್ 1979ರಲ್ಲೇ ಕುಡಿದಿರುವುದನ್ನು ಅಪರಾಧದ ಪಟ್ಟಿಯಿಂದ ತೆಗೆದು, ಅದರ ಬದಲು ಸುರಕ್ಷತೆಗಾಗಿ ಒಳಗಿಡುವ ಕಾಯ್ದೆ ಮಾಡಿತ್ತು. ಅವನನ್ನು ಹಿಡಿದದ್ದೂ ಅದರಡಿ. ಯಾವ ಸಾವಿನಿಂದ ರಾಯಲ್ ಕಮಿಷನ್ ಬಂತೋ, ಆ ಕಮಿಷನ್‌ನಿಂದ ಬಂದ ನಿಯಮ ಅಂಥದ್ದೇ ಸಾವಿನ ಬಾಗಿಲನ್ನು ಮುಚ್ಚಿರಲಿಲ್ಲ. ಮೂವತ್ತೈದು ವರ್ಷ ಯಾರಿಗೂ ಹೊಳೆಯಲಿಲ್ಲವಾ, ಅಥವಾ ಹೊಳೆದೂ ಬಿಟ್ಟರಾ? ಇಂಥ ಸಾವುಗಳ ಕಾರಣ ತನಿಖೆ ಮಾಡುವ ನ್ಯಾಯಾಧಿಕಾರಿ, ಅಂದರೆ ಕೊರೋನರ್, ವಿಚಾರಣೆ ಮುಗಿಸಿದ ಮೇಲೆ, 2019ರಲ್ಲಿ, ಅಮಲಿನವರನ್ನು ಒಳಗಿಟ್ಟಾಗಲೂ ಫೋನ್ ಮಾಡಬೇಕು ಅಂತ ನಿಯಮ ತಿದ್ದಿದರು.

ಪಶ್ಚಿಮ ಆಸ್ಟ್ರೇಲಿಯಾದ ಕಥೆಯೂ ಇದೇ ದಾರಿಯದು. 2014ರ ಆಗಸ್ಟ್‌ನಲ್ಲಿ ಸೌತ್ ಹೆಡ್‌ಲ್ಯಾಂಡ್ ಠಾಣೆಯಲ್ಲಿ 22 ವರ್ಷದ ಯಮಾಜಿ ಯುವತಿಯೊಬ್ಬರನ್ನು ಕಟ್ಟದ ದಂಡಕ್ಕಾಗಿ ಒಳಗಿಟ್ಟರು. ಬಾಕಿ 3,622 ಡಾಲರ್. ಸತ್ತವರ ಹೆಸರನ್ನು ಪೂರ್ತಿ ಉಚ್ಚರಿಸದಿರುವುದು ಹಲವು ಮೂಲನಿವಾಸಿ ಸಮುದಾಯಗಳ ರೂಢಿ. ಕುಟುಂಬದವರ ಕೋರಿಕೆಯಂತೆ ಎಲ್ಲರೂ ಅವರನ್ನು ಮಿಸ್ ಧು ಅಂತಷ್ಟೇ ಕರೆಯುತ್ತಾರೆ. ಮುರಿದ ಪಕ್ಕೆಲುಬಿನ ಸೋಂಕು ಮೈಯೆಲ್ಲ ಹರಡಿತ್ತು. ನೋವು ನೋವು ಅಂದರು. ಆಸ್ಪತ್ರೆಗೆ ಕರೆದೊಯ್ದು ವಾಪಸು ತಂದರು, ಮತ್ತೆ ಕರೆದೊಯ್ದು ಮತ್ತೆ ತಂದರು. ನಾಟಕ ಮಾಡುತ್ತಿದ್ದಾಳೆ ಅಂದುಕೊಂಡವರು ಠಾಣೆಯಲ್ಲೂ ಇದ್ದರು. ಮೂರನೇ ಸಲ ಆಸ್ಪತ್ರೆ ಮುಟ್ಟಿದಾಗ ಉಳಿಸಲು ಆಗಲಿಲ್ಲ. ಪೊಲೀಸರ ನಡವಳಿಕೆ ವೃತ್ತಿಗೆ ತಕ್ಕದ್ದಲ್ಲ, ಅಮಾನವೀಯ ಅಂತ ಕೊರೋನರ್ 2016ರಲ್ಲಿ ಬರೆದರು. ಫೋನ್ ವ್ಯವಸ್ಥೆ ತನ್ನಿ ಅಂತಲೂ ಶಿಫಾರಸು ಮಾಡಿದರು. ಅದು ಶುರುವಾದದ್ದು 2019ರ ಅಕ್ಟೋಬರ್‌ನಲ್ಲಿ. 224ನೇ ಶಿಫಾರಸು ಬಂದು ಆಗಲೇ 28 ವರ್ಷ ಕಳೆದಿತ್ತು.

ಫೋನ್ ಇದ್ದಿದ್ದರೆ ಮಿಸ್ ಧು ಬದುಕುತ್ತಿದ್ದರಾ? ಡಾಕ್ಟರ್ ನೋಡಿದ್ದರು, ಅವರೇ ತಪ್ಪಿದರು, ವಕೀಲರು ಏನು ಮಾಡಿಯಾರು ಅನ್ನುವ ವಾದ ಇದೆ. ಇದರಲ್ಲಿ ಸ್ವಲ್ಪ ಹುರುಳಿದೆ. ಆದರೆ ಆ ಠಾಣೆಯಲ್ಲಿ ಅವರ ಮಾತು ನಂಬುವವರು ಒಬ್ಬರೂ ಇರಲಿಲ್ಲ. ಫೋನಿನ ಆ ತುದಿಯಲ್ಲಿ ಇರುತ್ತಿದ್ದವರ ಕೆಲಸವೇ ನಂಬುವುದು. ಇಷ್ಟಾಗಿ, ದಂಡದ ಬಾಕಿಗೆ ಯಾಕೆ ಒಳಗಿಟ್ಟಿದ್ದೀರಿ, ಇವರನ್ನು ಬಿಡುಗಡೆ ಮಾಡಿಸುವ ದಾರಿ ಏನು ಅಂತ ಮೊದಲ ಹತ್ತು ನಿಮಿಷದಲ್ಲೇ ಕೇಳುತ್ತಿದ್ದರು. ದಂಡ ಕಟ್ಟದವರನ್ನು ಸಲೀಸಾಗಿ ಜೈಲಿಗೆ ತಳ್ಳುವ ಆ ಕಾನೂನನ್ನು 2020ರಲ್ಲಿ ಬದಲಾಯಿಸಿದರು.

ದುಡ್ಡಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಅದು ನಾಚಿಕೆಗೇಡಿನದು. ನ್ಯೂ ಸೌತ್ ವೇಲ್ಸ್‌ನ ಇಡೀ ಫೋನ್ ಲೈನ್ ನಡೆಸಲು ಆಗ ವರ್ಷಕ್ಕೆ ಬೇಕಿದ್ದದ್ದು ಸುಮಾರು 5 ಲಕ್ಷ ಡಾಲರ್. 2013ರಲ್ಲಿ ಒಮ್ಮೆ, 2015ರಲ್ಲಿ ಇನ್ನೊಮ್ಮೆ ಅದು ಮುಚ್ಚುವ ಹಂತಕ್ಕೆ ಬಂತು. ಪೊಲೀಸರು ರಾಜ್ಯದವರು, ರಾಜ್ಯವೇ ಕೊಡಲಿ ಅಂತ ಕೇಂದ್ರ. ಲೀಗಲ್ ಸರ್ವಿಸ್ ಕೇಂದ್ರದ ಅನುದಾನದ್ದು, ಅವರೇ ಕೊಡಲಿ ಅಂತ ರಾಜ್ಯ. ಈ ಜಗ್ಗಾಟದ ನಡುವೆ ಫೋನ್ ಎತ್ತುತ್ತಿದ್ದವರು ಮಾತ್ರ ಬಿಡದೆ ಎತ್ತುತ್ತಿದ್ದರು. 2016ರಲ್ಲಿ ಕೇಂದ್ರ ಸಚಿವ ನೈಜೆಲ್ ಸ್ಕಲಿಯನ್ ಎಲ್ಲ ರಾಜ್ಯಗಳ ಮುಂದೆ ಒಂದು ಷರತ್ತಿಟ್ಟರು: ನೀವು ಇದನ್ನು ಕಾನೂನಾಗಿ ಕಡ್ಡಾಯ ಮಾಡಿ, ಮೊದಲ ಮೂರು ವರ್ಷದ ಖರ್ಚು ನಮ್ಮದು. 2019ರ ಆಸುಪಾಸಿನಲ್ಲಿ ಒಂದರ ಹಿಂದೊಂದು ರಾಜ್ಯ ಒಪ್ಪಿದ್ದಕ್ಕೆ ಈ ಷರತ್ತೂ ಕಾರಣ. ಕಡ್ಡಾಯ ಅನ್ನುವುದು ಇಲ್ಲಿ ಮುಖ್ಯ. ಪೊಲೀಸ್ ಕೈಪಿಡಿಯಲ್ಲಿ ಮಾತ್ರ ಇರುವ ಸೂಚನೆಯನ್ನು ಮರೆತರೆ ಮೇಲಧಿಕಾರಿಯ ಬೈಗುಳದಲ್ಲಿ ಮುಗಿಯುತ್ತದೆ. ಕಾನೂನಿನಲ್ಲಿರುವುದನ್ನು ಮರೆತು ಹೇಳಿಕೆ ಪಡೆದರೆ, ಆ ಹೇಳಿಕೆಯನ್ನು ಕೋರ್ಟ್ ಸಾಕ್ಷ್ಯದಿಂದ ಹೊರಗಿಡಬಹುದು. ಪೊಲೀಸರಿಗೆ ಅರ್ಥವಾಗುವ ಭಾಷೆ ಅದು.

ಹಾಗಿದ್ದರೂ ಫೋನಿಗೆ ಮಿತಿಗಳಿವೆ. ಮೊದಲನೆಯದು ಆ ಪ್ರಶ್ನೆಯೇ. ಅಬೊರಿಜಿನಲ್ ಅಂತ ಹೇಳಿದರೆ ಪೊಲೀಸರು ಇನ್ನೂ ಕೆಟ್ಟದಾಗಿ ನಡೆಸಿಕೊಳ್ಳಬಹುದು ಅಂತ ಹೆದರಿ ಅಲ್ಲ ಅನ್ನುವವರಿದ್ದಾರೆ. ಅಲ್ಲ ಅಂದರೆ ಫೋನ್ ಇಲ್ಲ. ಎರಡನೆಯದು, ಆ ತುದಿಯವರು ಸಲಹೆ ಕೊಡಬಹುದು, ಒತ್ತಾಯಿಸಬಹುದು. ಸೆಲ್‌ನ ಬಾಗಿಲು ತೆಗೆದು ನಾಡಿ ಹಿಡಿದು ನೋಡಲಾರರು.

ವಿಕ್ಟೋರಿಯಾ ರಾಜ್ಯದ ಟಾನ್ಯಾ ಡೇ ಅವರ ಸಾವು ಇದಕ್ಕೆ ಸಾಕ್ಷಿ. 55 ವರ್ಷದ ಯೋರ್ಟಾ ಯೋರ್ಟಾ ಮಹಿಳೆ, ಅಜ್ಜಿ. 2017ರ ಡಿಸೆಂಬರ್ 5ರಂದು ಎಚುಕಾದಿಂದ ಮೆಲ್ಬರ್ನ್‌ಗೆ ರೈಲಿನಲ್ಲಿ ಹೊರಟಿದ್ದರು. ಕುಡಿದು ಸೀಟಿನಲ್ಲಿ ನಿದ್ದೆ ಹೋಗಿದ್ದರು. ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ರೈಲಿನ ಕಂಡಕ್ಟರ್ ಪೊಲೀಸರನ್ನು ಕರೆಸಿದರು. ಕ್ಯಾಸಲ್‌ಮೇನ್ ಠಾಣೆಯ ಸೆಲ್‌ನಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು. ಸುಮಾರು ಮೂರು ಗಂಟೆ ಯಾರಿಗೂ ಅದು ಗೊತ್ತಾಗಲಿಲ್ಲ. ಪೊಲೀಸರು ನೋಡುತ್ತಿದ್ದರು, ಆದರೆ ಕಿಟಕಿಯಿಂದ. ಡಿಸೆಂಬರ್ 22ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಈ ಸಾವನ್ನು ತಪ್ಪಿಸಬಹುದಿತ್ತು ಅಂದ ಕೊರೋನರ್, ಅವರು ಮೂಲನಿವಾಸಿ ಅನ್ನುವುದು ಕಂಡಕ್ಟರ್ ತೀರ್ಮಾನದ ಮೇಲೆ ಪರಿಣಾಮ ಬೀರಿತ್ತು ಅಂತಲೂ ಹೇಳಿದರು. ಟಾನ್ಯಾ ಅವರ ಚಿಕ್ಕಪ್ಪ ಹ್ಯಾರಿಸನ್ ಡೇ 1982ರಲ್ಲಿ ಇದೇ ಥರ ಪೊಲೀಸ್ ಕಸ್ಟಡಿಯಲ್ಲಿ ಸತ್ತವರು. ರಾಯಲ್ ಕಮಿಷನ್ ನೋಡಿದ ಆ 99ರಲ್ಲಿ ಒಬ್ಬರು.

ಟಾನ್ಯಾ ಅವರ ಮಕ್ಕಳ ಹೋರಾಟದಿಂದ ವಿಕ್ಟೋರಿಯಾ 2023ರ ನವೆಂಬರ್ 7ರಿಂದ ಬೀದಿಯಲ್ಲಿ ಕುಡಿದಿರುವುದನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಅಲ್ಲಿನವರು ಎಡ್ಡಿ ಮರ್ರೆಯ ಪಾಠವನ್ನೂ ಕಲಿತಂತಿದೆ. ಬರೀ ಅಪರಾಧ ಅಲ್ಲ ಅಂತ ಹೇಳಿ ಮತ್ತೆ ಸೆಲ್‌ಗೇ ಹಾಕುವುದಲ್ಲ. ಅಮಲಿನಲ್ಲಿದ್ದವರನ್ನು ಆರೋಗ್ಯ ಕಾರ್ಯಕರ್ತರು ಬಂದು ಮನೆಗೋ, ಅಮಲಿಳಿಯುವ ತನಕ ಮಲಗಿಸುವ ಕೇಂದ್ರಕ್ಕೋ ಕರೆದೊಯ್ಯುವ ಏರ್ಪಾಟು ಮಾಡಿದ್ದಾರೆ. ಈ ಕಲ್ಪನೆ ಏನೂ ಹೊಸದಲ್ಲ. ನಾರ್ದರ್ನ್ ಟೆರಿಟರಿಯ ಟೆನೆಂಟ್ ಕ್ರೀಕ್ ಊರಿನಲ್ಲಿ ಜುಲಾಲಿಕಾರಿ ಅನ್ನುವ ಮೂಲನಿವಾಸಿ ಸಂಸ್ಥೆಯವರು 1980ರ ದಶಕದಲ್ಲೇ ರಾತ್ರಿ ಗಸ್ತು ಶುರುಮಾಡಿದ್ದರು. ಕುಡಿದು ಬಿದ್ದ ತಮ್ಮವರನ್ನು ಪೊಲೀಸರ ಕೈಗೆ ಸಿಗುವ ಮೊದಲೇ ಎತ್ತಿಕೊಂಡು ಮನೆ ಸೇರಿಸುತ್ತಿದ್ದರು. ಸರ್ಕಾರ ಅದನ್ನು ನೋಡಿ ಕಲಿಯಲು ಬಹಳ ಕಾಲ ತಗೊಂಡಿತು.

ಮೂರನೆಯ ಮಿತಿ ಎಲ್ಲಕ್ಕಿಂತ ದೊಡ್ಡದು. ಫೋನ್ ಇರುವುದು ಠಾಣೆಯ ಹಂತಕ್ಕೆ. ಈಗ ಹೆಚ್ಚಿನ ಸಾವುಗಳು ಆಗುತ್ತಿರುವುದು ಜೈಲುಗಳಲ್ಲಿ. ವೆರೋನಿಕಾ ನೆಲ್ಸನ್ ಎಂಬ ಮೂಲನಿವಾಸಿ ಮಹಿಳೆಯನ್ನು 2019ರ ಡಿಸೆಂಬರ್ 30ರಂದು ಅಂಗಡಿ ಕಳ್ಳತನದ ಅನುಮಾನದ ಮೇಲೆ ಮೆಲ್ಬರ್ನ್‌ನಲ್ಲಿ ಹಿಡಿದರು. ಮರುದಿನ ಜಾಮೀನಿಗೆ ತಾವೇ ವಾದಿಸಿದರು, ಪಕ್ಕದಲ್ಲಿ ವಕೀಲರಿರಲಿಲ್ಲ. ಜಾಮೀನು ಸಿಗಲಿಲ್ಲ. ಜೈಲಿನ ಸೆಲ್‌ನಿಂದ ಇಂಟರ್‌ಕಾಮ್ ಒತ್ತಿ ಒತ್ತಿ ಸಹಾಯ ಕೇಳಿದರು. ಜನವರಿ 2ರಂದು ಸತ್ತರು. ಆಗಿನ ಜಾಮೀನು ಕಾಯ್ದೆ ಪೂರ್ತಿ ದುರಂತ ಅಂತ ಕೊರೋನರ್ 2023ರಲ್ಲಿ ಬರೆದರು. ವಿಕ್ಟೋರಿಯಾ ಅದನ್ನು ಸಡಿಲಿಸಿತು. 2025ರಲ್ಲಿ, ಅಪರಾಧ ಹೆಚ್ಚಾಯಿತು ಅನ್ನುವ ಗದ್ದಲದ ನಡುವೆ, ಮತ್ತೆ ಬಿಗಿ ಮಾಡಿತು.

ಅಂಕಿ ನೋಡಿದರೆ ಗೊತ್ತಾಗುತ್ತದೆ. 1991ರಲ್ಲಿ ಆಸ್ಟ್ರೇಲಿಯಾದ ಕೈದಿಗಳಲ್ಲಿ ಮೂಲನಿವಾಸಿಗಳು ಸುಮಾರು 14%. ಈಗ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಒಟ್ಟು ಜನಸಂಖ್ಯೆಯಲ್ಲಿ ಅವರು 4% ಕೂಡ ಇಲ್ಲ. ವರದಿ ಬಂದ ಮೇಲೆ ಕಸ್ಟಡಿಯಲ್ಲಿ ಸತ್ತ ಮೂಲನಿವಾಸಿಗಳ ಸಂಖ್ಯೆ 600 ದಾಟಿದೆ. ಜೋಪಾನ ಮಾಡಿ ಅನ್ನುವ ಶಿಫಾರಸುಗಳನ್ನು ಸರ್ಕಾರಗಳು ನಿಧಾನವಾಗಿಯಾದರೂ ಜಾರಿಗೆ ತಂದವು. ಹಿಡಿಯುವುದನ್ನು ಕಡಿಮೆ ಮಾಡಿ ಅನ್ನುವುದಕ್ಕೆ ಬಂದಾಗ ಚುನಾವಣೆ ಅಡ್ಡ ಬರುತ್ತದೆ. ಫೋನ್ ಅಗ್ಗದ್ದು, ಅದರಿಂದ ಯಾವ ಸಚಿವರೂ ವೋಟು ಕಳೆದುಕೊಳ್ಳುವುದಿಲ್ಲ. ಜಾಮೀನು ಸಡಿಲಿಸಿದರೆ ಕಳೆದುಕೊಳ್ಳಬಹುದು.

ಹೊರಗಿನವರ ಕಣ್ಣು ಒಳಗೆ ಬೀಳಲಿ ಅನ್ನುವುದಕ್ಕೂ ಸರ್ಕಾರಗಳು ಎಲ್ಲಿಯವರೆಗೆ ಒಪ್ಪುತ್ತವೆ ಅನ್ನುವುದು 2022ರಲ್ಲಿ ಕಂಡಿತು. ಚಿತ್ರಹಿಂಸೆ ತಡೆಯ ವಿಶ್ವಸಂಸ್ಥೆ ಒಪ್ಪಂದದ ಪೂರಕ ಕರಾರಿಗೆ ಆಸ್ಟ್ರೇಲಿಯಾ 2017ರಲ್ಲಿ ಸಹಿಯನ್ನು ಖಾಯಂ ಮಾಡಿತ್ತು. ಅದರಂತೆ ಠಾಣೆ, ಜೈಲು, ಕೋರ್ಟ್ ಸೆಲ್ ಎಲ್ಲಿಗೆ ಬೇಕಾದರೂ ಹೇಳದೆ ಕೇಳದೆ ಬಂದು ನೋಡುವ ಹಕ್ಕು ವಿಶ್ವಸಂಸ್ಥೆಯ ತಂಡಕ್ಕಿದೆ. ಅಕ್ಟೋಬರ್‌ನಲ್ಲಿ ತಂಡ ಬಂತು. ಕ್ವೀನ್ಸ್‌ಲ್ಯಾಂಡ್ ಕೆಲವು ಕಡೆ ಬಿಡಲಿಲ್ಲ. ಇನ್ನೊಂದು ರಾಜ್ಯ ಎಲ್ಲಿಗೂ ಬಿಡಲಿಲ್ಲ, ಕ್ವೀನ್‌ಬಿಯನ್ ಕೋರ್ಟ್ ಸೆಲ್‌ನ ಬಾಗಿಲಿನಿಂದಲೇ ವಾಪಸು ಕಳಿಸಿತು. ತಂಡ ಭೇಟಿಯನ್ನು ನಿಲ್ಲಿಸಿ, 2023ರ ಫೆಬ್ರವರಿಯಲ್ಲಿ ಪೂರ್ತಿ ರದ್ದು ಮಾಡಿತು. ಅದಕ್ಕೆ ಮೊದಲು ಅವರು ಹಾಗೆ ರದ್ದು ಮಾಡಿದ್ದು ರುವಾಂಡದಲ್ಲಿ ಮಾತ್ರ. ಆ ಇನ್ನೊಂದು ರಾಜ್ಯ ಬೇರಾವುದೂ ಅಲ್ಲ, ಫೋನ್ ನಿಯಮ ಎಲ್ಲರಿಗಿಂತ ಮೊದಲು ತಂದ ನ್ಯೂ ಸೌತ್ ವೇಲ್ಸ್.